ಉತ್ತರ ಕೊಡದ ನಂಬರು

ಟಿಕ್.

ಮಳೆಯ ಆರ್ಭಟದ ನಡುವೆ ಅಷ್ಟು ಚಿಕ್ಕ ಸದ್ದು ಕೇಳಿಸಬಾರದಿತ್ತು. ದಾಕ್ಷಾಯಣಿಗೆ ಕೇಳಿಸಿತು. ಮಳೆ ಹಿಡಿದಾಗಿನಿಂದ ಅವಳ ನಿದ್ದೆಯೆಂದರೆ ಇಷ್ಟೇ ಆಗಿತ್ತು. ಕಣ್ಣು ಮುಚ್ಚಿಕೊಂಡು ಮನೆಯ ಒಂದೊಂದು ಸದ್ದಿಗೂ ಹೆಸರು ಹಚ್ಚಿ ಪಕ್ಕಕ್ಕೆ ಸರಿಸುವುದು. ಫ್ರಿಜ್ಜು. ಪಕ್ಕದ ಕೋಣೆಯಲ್ಲಿ ಅತ್ತೆಯ ಗೊರಕೆ. ಹಿತ್ತಲ ತಗಡಿನ ಮೇಲೆ ಹನಿಗಳು. ಈ ಟಿಕ್‌ಗೆ ಮಾತ್ರ ಹೆಸರು ಸಿಗಲಿಲ್ಲ.

ಎದ್ದು ನಡುಮನೆಗೆ ಬಂದಳು. ಟೀವಿಯ ಪಕ್ಕದಲ್ಲಿ ಆಲಿಸುವ ಪೆಟ್ಟಿಗೆಯ ಹಸಿರು ದೀಪ ಸ್ಥಿರವಾಗಿ ಉರಿಯುತ್ತಿತ್ತು. ಅದರ ಪರದೆಯ ಮೇಲೆ ಆರು ಗೆರೆಗಳು ಅಲುಗಾಡದೆ ಮಲಗಿದ್ದವು. ಗೆರೆಗಳು ಮಲಗಿದ್ದರೆ ಏರಿ ಗಟ್ಟಿಯಾಗಿದೆ ಎಂದರ್ಥ. ಅವಳು ಹಾಸಿಗೆಗೆ ಮರಳಲು ತಿರುಗಿದಳು. ಆಗ ಮತ್ತೆ, ಅಡುಗೆಮನೆಯ ಕಡೆಯಿಂದ, ಟಿಕ್.

ತಿಮ್ಮಸಾಗರದ ಕೆರೆ ಏರಿಗೂ ಅವಳ ಹಿತ್ತಲಿಗೂ ನಡುವೆ ಒಂದು ಗಾಡಿಜಾಡು, ಒಂದು ಹುಣಸೆಮರ, ಅಷ್ಟೆ. ಏರಿಯ ಕೆಳಗಿನ ಬೀದಿಯಲ್ಲಿ ಅವಳದ್ದೇ ಮೊದಲ ಮನೆ. ಮಳೆ ತನ್ನ ಹಳೆಯ ನಡೆಯನ್ನೆಲ್ಲ ಬಿಟ್ಟು ಎಷ್ಟೋ ಕಾಲವಾಗಿತ್ತು. ಮೂರು ವರ್ಷ ಮೋಡಗಳು ಮುಖ ತೋರಿಸಿ ಹೋಗುತ್ತಿದ್ದವು. ನಾಲ್ಕನೆಯ ವರ್ಷ ಇಡೀ ವರ್ಷದ ಮಳೆ ಎರಡು ರಾತ್ರಿಗಳಲ್ಲಿ ಸುರಿದು ಹೋಗುತ್ತಿತ್ತು. ಒಣಗಿ ಬಿರುಕುಬಿಟ್ಟಿದ್ದ ಏರಿಗಳು ಒಮ್ಮೆಲೇ ಬಂದ ನೀರನ್ನು ಹೊರಲಾರದೆ ಜಿಲ್ಲೆಯಲ್ಲಿ ಒಂದಾದ ಮೇಲೊಂದು ಕುಸಿದವು. ಆ ಕಾಲದಲ್ಲೇ ಮಣ್ಣಿನ ಒಂದು ಗುಟ್ಟು ತಿಳಿದುಬಂದದ್ದು. ಏರಿ ಒಡೆಯುವ ಎಷ್ಟೋ ಹೊತ್ತು ಮೊದಲೇ ಒಳಗೆ ಮರಳಿನ ಕಣಗಳು ಒಂದರ ಮೇಲೊಂದು ಜಾರತೊಡಗುತ್ತವೆ, ಜಾರುವಾಗ ಸದ್ದು ಮಾಡುತ್ತವೆ. ಬಾಣಲೆಯಲ್ಲಿ ಸಾಸಿವೆ ಸಿಡಿಯುವುದನ್ನು ಸಾವಿರ ಪಾಲು ಸಣ್ಣದು ಮಾಡಿದಂಥ ಸದ್ದು. ಮನುಷ್ಯರ ಕಿವಿಗೆ ಅದು ನಿಲುಕುವುದಿಲ್ಲ. ಅದನ್ನು ಕೇಳಲೆಂದು ಏರಿಯ ಉದ್ದಕ್ಕೂ ಆರು ಕಬ್ಬಿಣದ ಸಲಾಕೆಗಳನ್ನು ಇಳಿಬಿಟ್ಟಿದ್ದರು. ಊರವರು ಅವನ್ನು ಕಿವಿಗಳು ಎಂದರು, ಆ ಹೆಸರೇ ಉಳಿಯಿತು.

ಕಿವಿಗಳು ಹಗಲಿರುಳು ಕೇಳಿದ್ದನ್ನೆಲ್ಲ ತಾಲ್ಲೂಕಿನ ಕೇಂದ್ರಕ್ಕೆ ಕಳಿಸುವಷ್ಟು ಗಟ್ಟಿಯಾದ ಸಂಪರ್ಕ ಹಳ್ಳಿಗಳಲ್ಲಿರಲಿಲ್ಲ. ಹಾಗಾಗಿ ಪ್ರತಿ ಕೆರೆಯ ಬುಡದಲ್ಲೂ ಒಂದು ಮನೆಯನ್ನು ಆರಿಸಿ ಅಲ್ಲಿ ಆಲಿಸುವ ಪೆಟ್ಟಿಗೆ ಇಟ್ಟರು. ಮನೆಯಲ್ಲೇ ಇರುವ ಸಣ್ಣ ಸರ್ವರ್ ಅದು. ಆರು ಕಿವಿಗಳ ಸದ್ದನ್ನೂ ಸೋಸಿ, ಅನುಮಾನ ಬಂದರಷ್ಟೇ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತಿತ್ತು. ಅಂಥ ಮನೆಗೆ ಕೇಳುಮನೆ ಎಂದು ಹೆಸರು. ಭೌತಶಾಸ್ತ್ರ ಓದಿದ್ದ ದಾಕ್ಷಾಯಣಿ ಹಗಲು ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದುದರಿಂದ ತಿಮ್ಮಸಾಗರದ ಕೇಳುಮನೆ ಯಾವುದೆಂದು ಯಾರೂ ಹೆಚ್ಚು ಯೋಚಿಸಲಿಲ್ಲ.

ಪೆಟ್ಟಿಗೆ ಬಂದ ಮೇಲೆ ಸೈರನ್ ಎರಡು ಸಲ ಕೂಗಿತ್ತು. ಎರಡೂ ಸುಳ್ಳು.

*

ಎರಡನೆಯ ಸಲ ಬೀದಿಯ ಜನ ಮಕ್ಕಳನ್ನೂ ಹಾಸಿಗೆಗಳನ್ನೂ ಹೊತ್ತು, ಕಾಲುವೆಯ ಮೇಲಿನ ಕಿರುಸೇತುವೆ ದಾಟಿ, ಶಾಲೆಯ ಜಗಲಿಯಲ್ಲಿ ನೆನೆದ ಬಟ್ಟೆಯಲ್ಲೇ ಬೆಳಗು ಮಾಡಿದ್ದರು. ಏರಿಗೆ ಏನೂ ಆಗಿರಲಿಲ್ಲ. ಆಮೇಲೆ ದಾಕ್ಷಾಯಣಿ ಬಸ್‌ಸ್ಟಾಪಿನಲ್ಲಿ ನಿಂತರೆ ಸಾಕು, ಯಾರಾದರೂ ಕೇಳುತ್ತಿದ್ದರು: "ದಾಕ್ಷಾಯಣಮ್ಮ, ಏರಿ ಇವತ್ತು ಒಡೀತದಾ, ನಾಳೆ ಒಡೀತದಾ? ಹೇಳಿದ್ರೆ ರಾಗಿ ಬೀಸಿಸ್ಕೊಂಡು ಬಂದ್ಬಿಡ್ತೀವಿ."

ಅವಳು ನಗುತ್ತಿದ್ದಳು. ನಗದಿದ್ದರೆ ಮಾತು ಇನ್ನೂ ಬೆಳೆಯುತ್ತದೆಂದು ಅವಳಿಗೆ ಗೊತ್ತಿತ್ತು.

ಕಾರಣ ಕಂಡುಹಿಡಿದದ್ದು ಕೇಂದ್ರದಲ್ಲಿ ಅವಳ ಜೊತೆ ಕೆಲಸ ಮಾಡುವ ಇಲಿಯಾಸ್. ಗೋಡೆ ತುಂಬ ತಾಲ್ಲೂಕಿನ ಕೆರೆಗಳ ನಕ್ಷೆ, ಅದರ ಮುಂದೆ ಎರಡು ಕುರ್ಚಿ. ಅವನು ತನ್ನ ಕುರ್ಚಿಯನ್ನು ಅವಳ ಕಡೆ ತಿರುಗಿಸಿದ.

"ನಿಮ್ಮ ಪೆಟ್ಟಿಗೆ ಕೆಟ್ಟಿರ್ಲಿಲ್ಲ ಮೇಡಂ. ಮನೆ ಬದಲಾಯಿಸಿತ್ತು, ಅಷ್ಟೆ. ಕಿವಿಗಳು ಹಳೇ ಅಡ್ರೆಸ್ಸಿಗೇ ಮಾತಾಡ್ತಾ ಕೂತಿದ್ವು."

"ಹಳೇ ಅಡ್ರೆಸ್ಸಲ್ಲಿ ಯಾರಿದ್ರು?"

"ನಿಮ್ಮ ಟೀವಿ. ರಾತ್ರಿಯೆಲ್ಲ ಏರಿ ನಿಮ್ಮ ಟೀವಿ ಹತ್ರ ಕಷ್ಟ ಸುಖ ಹೇಳ್ಕೊಂಡಿದೆ."

ಅವಳಿಗೆ ತಕ್ಷಣ ಅರ್ಥವಾಯಿತು. ಮನೆಯ ರೌಟರ್ ಮದುವೆ ಛತ್ರದ ಮ್ಯಾನೇಜರನಂತೆ. ಬಂದವರಿಗೆಲ್ಲ ಖಾಲಿಯಿರುವ ಕೋಣೆಯ ನಂಬರು ಕೊಡುತ್ತದೆ. ಕರೆಂಟು ಹೋಗಿ ಬಂದರೆ ಎಲ್ಲರೂ ಒಟ್ಟಿಗೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಿನ್ನೆ ಪೆಟ್ಟಿಗೆಗೆ ಸಿಕ್ಕಿದ್ದ ನಂಬರು ಇವತ್ತು ಟೀವಿಗೆ ಹೋಗುತ್ತದೆ. ಏರಿಯ ಕಿವಿಗಳಿಗೆ ಪೆಟ್ಟಿಗೆಯ ಮುಖ ಗೊತ್ತಿಲ್ಲ, ನಂಬರು ಮಾತ್ರ ಗೊತ್ತು. ಪೆಟ್ಟಿಗೆಗೆ ಏನೂ ಕೇಳಿಸದಿದ್ದರೆ ಕೇಂದ್ರ ಅದನ್ನು ಅಪಾಯವೆಂದೇ ತಿಳಿಯುತ್ತಿತ್ತು. ಕಾಲು ಗಂಟೆ ಮೌನವಾದರೆ ಸೈರನ್ ತಾನಾಗಿಯೇ ಕೂಗುತ್ತಿತ್ತು.

"ಒಂದು ಖಾಯಂ ನಂಬರು ಕೊಟ್ಬಿಡಿ ಅದಕ್ಕೆ," ಇಲಿಯಾಸ್ ಹೇಳಿದ. "ಯಾರು ಬಂದ್ರೂ ಹೋದ್ರೂ ಅದರ ಕೋಣೆ ಅದಕ್ಕೇ ಇರ್ಲಿ. ಮುಂದಿನ ವಾರ ಮೀಟಿಂಗು. ಮೂರನೇ ಸಲ ಸುಳ್ಳಾದ್ರೆ ಕಿವಿ ಎಲ್ಲ ಕಿತ್ತು ಗೋಡೌನಿಗೆ ಹಾಕೋಣ ಅಂತ ಸಾಹೇಬ್ರು ಆಗ್ಲೇ ಬಾಯಿ ಬಿಟ್ಟು ಹೇಳಿದಾರೆ."

ದಾಕ್ಷಾಯಣಿ ಅವಸರ ಮಾಡುವವಳಲ್ಲ. ಎರಡು ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಗಂಡ ಪಂಚಾಕ್ಷರಿ ಬಸ್ ಕಂಡಕ್ಟರ್. ಆ ವಾರ ಅವನಿಗೆ ದೂರದ ಊರಿನಲ್ಲಿ ರಾತ್ರಿ ಹಾಲ್ಟು. ಅತ್ತೆ ಸಿದ್ದಗಂಗಮ್ಮ ಎದುರಿಗೆ ಕೂತು ಮೊರದಲ್ಲಿ ಹುರುಳಿ ಆರಿಸುತ್ತಿದ್ದರು.

"ಒಂದು ನಂಬರು ಹುಡ್ಕಕ್ಕೆ ಎರಡು ದಿನ ಬೇಕೇನೆ ದಾಕ್ಷಾ? ನನ್ನ ಮಗನ್ನ ಹುಡ್ಕಕ್ಕೇ ನಿಮ್ಮಪ್ಪ ಇಷ್ಟು ಹೊತ್ತು ತಗಳ್ಲಿಲ್ಲ."

"ಅದಕ್ಕೇ ನೋಡಿ, ಈಗ ಹುಷಾರಾಗಿದೀನಿ."

ಸಿದ್ದಗಂಗಮ್ಮ ಮೊರ ತಟ್ಟಿ ನಕ್ಕರು.

"ಯಾರೂ ಕೂತಿಲ್ಲದ ನಂಬರು ಬೇಕು ಅತ್ತೆ. ಒಂದೇ ನಂಬರಲ್ಲಿ ಇಬ್ಬರು ಕೂತ್ರೆ ಇಬ್ಬರಿಗೂ ಕೆಡುಕು."

"ಕೂಗಿ ನೋಡು. ಯಾರಾದ್ರೂ ಇದ್ರೆ ಓಗೊಡ್ತಾರೆ."

"ಅದನ್ನೇ ಮಾಡ್ತಿರೋದು."

ಐವತ್ತು ಅವಳ ಮನಸ್ಸಿಗೆ ಬಂದಿತ್ತು. ದುಂಡನೆಯ ನಂಬರು, ನೆನಪಿಡುವುದು ಸುಲಭ. ರೌಟರಿನ ಪಟ್ಟಿಯಲ್ಲಿ ಅದಿರಲಿಲ್ಲ. ಆ ನಂಬರಿಗೆ ಒಂದು ಕೂಗು ಹಾಕಿದಳು. ಉತ್ತರವಿಲ್ಲ. ರಾತ್ರಿ ಮಲಗುವ ಮುಂಚೆ ಮತ್ತೊಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ. ಉತ್ತರವಿಲ್ಲ. ಮೂರು ಸಲ ಕೂಗಿದರೂ ಓಗೊಡದ ಮನೆ ಖಾಲಿಯಲ್ಲದೆ ಇನ್ನೇನು? ಎರಡನೆಯ ಸಂಜೆ ಆಲಿಸುವ ಪೆಟ್ಟಿಗೆಗೆ ಐವತ್ತನ್ನು ಬರೆದು, ಆರೂ ಕಿವಿಗಳಿಗೆ ಒಂದೊಂದಾಗಿ ಅದನ್ನೇ ಹೇಳಿಕೊಟ್ಟಳು. ಮೇನ್ ಸ್ವಿಚ್ ಆರಿಸಿ ಹಾಕಿ ನೋಡಿದಳು. ಟೀವಿ ನಂಬರು ಬದಲಾಯಿಸಿತು, ಫ್ರಿಜ್ಜು ಬದಲಾಯಿಸಿತು. ಪೆಟ್ಟಿಗೆ ಕದಲಲಿಲ್ಲ.

"ಆಯ್ತು," ಎಂದಳು. ಎಷ್ಟೋ ವಾರಗಳ ಮೇಲೆ ಅವಳ ಹೆಗಲು ಸಡಿಲವಾಯಿತು.

"ಆಯ್ತಲ್ಲ, ಇನ್ನು ಊಟ ಮಾಡು," ಎಂದು ಸಿದ್ದಗಂಗಮ್ಮ ಎದ್ದು, ಬೆಳ್ಳುಳ್ಳಿಯ ಚೀಲವನ್ನು ಎಂದಿನಂತೆ ಹಿತ್ತಲ ಬಾಗಿಲ ಪಕ್ಕದ ಬೂದು ಬಣ್ಣದ ಡಬ್ಬಿಯ ಕೊಕ್ಕೆಗೆ ನೇತುಹಾಕಿದರು. ಆ ಡಬ್ಬಿ ಗೋಡೆಯ ಮೇಲೆ ಎಷ್ಟು ಕಾಲದಿಂದ ಇತ್ತೆಂದರೆ ಅದು ಕಣ್ಣಿಗೆ ಬೀಳುವುದನ್ನೇ ಬಿಟ್ಟಿತ್ತು.

*

ಟಿಕ್.

ಈ ಮಳೆಯ ರಾತ್ರಿ ಸದ್ದು ಆ ಡಬ್ಬಿಯಿಂದಲೇ ಬರುತ್ತಿತ್ತು. ದಾಕ್ಷಾಯಣಿ ಬೆಳ್ಳುಳ್ಳಿ ಚೀಲವನ್ನು ತೆಗೆದಳು. ಡಬ್ಬಿಯ ಮುಖದಲ್ಲಿ ಒಂದು ಕೆಂಪು ದೀಪವಿತ್ತು. ಅದು ಉರಿಯುವುದನ್ನು ಅವಳು ಈ ಮನೆಗೆ ಬಂದಾಗಿನಿಂದ ನೋಡಿರಲಿಲ್ಲ. ಈಗ ಹತ್ತಿತು. ಒಳಗೆ ಏನೋ ಟಿಕ್ ಎಂದಿತು. ದೀಪ ಆರಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಕೆಂಪು, ಮತ್ತೆ ಟಿಕ್, ಮತ್ತೆ ಕತ್ತಲು. ಬಾಗಿಲು ತಟ್ಟಿ, ಒಳಗೆ ಯಾರೋ ಇದ್ದಾರೆಂದು ತಿಳಿದು, ಕ್ಷಮೆ ಕೇಳಿ ಹಿಂದೆ ಸರಿಯುವ ಅತಿಥಿಯ ಹಾಗೆ.

ಕೈಯಲ್ಲಿದ್ದ ಫೋನು ನಡುಗಿತು. ರಾತ್ರಿ ಪಾಳಿಯಲ್ಲಿದ್ದ ಇಲಿಯಾಸ್.

"ಮೇಡಂ, ಎಚ್ಚರ ಇದ್ದೀರಾ? ಏಳು ಕೆರೆ ಒಟ್ಟಿಗೆ ತುಂಬ್ತಿವೆ, ನಿಮ್ಮದನ್ನ ಈಗ ನೋಡ್ದೆ. ಗುರುತು ದಾಟಿ ಒಂದು ಮೊಳ ಮೇಲಿದೆ. ತೂಬಿನ ಗೇಟು ಯಾಕೆ ಇನ್ನೂ ಎದ್ದಿಲ್ಲ?"

ತೂಬಿನ ಗೇಟೆಂದರೆ ಏರಿಯ ಹೊಟ್ಟೆಯಲ್ಲಿರುವ ಬಾಗಿಲು. ನೀರು ಗುರುತು ಮುಟ್ಟಿದಾಗ ಅದು ಕೇಂದ್ರದ ಒಪ್ಪಿಗೆ ಕೇಳಿ, ಮೊದಲು ಬೆರಳಷ್ಟು ತೆರೆದು, ನೀರು ಏರಿದಷ್ಟೂ ಅಗಲವಾಗಿ, ಹೆಚ್ಚಿನದನ್ನು ಕಾಲುವೆಗೆ ಬಿಡುತ್ತಿತ್ತು. ಮೂರು ವರ್ಷದಿಂದ ಕೆರೆ ತುಂಬಿಯೇ ಇರಲಿಲ್ಲ. ಕೈಯಿಂದ ತಿರುಗಿಸುವ ಚಕ್ರವನ್ನು ಕಳ್ಳರು ಬಿಚ್ಚಿಕೊಂಡು ಹೋಗಿ ಗುಜರಿಗೆ ಹಾಕಿ ಎಷ್ಟೋ ದಿನವಾಗಿತ್ತು.

"ಗೇಟು ನಿಮ್ಮನ್ನ ಒಪ್ಪಿಗೆ ಕೇಳಿಲ್ವಾ?"

"ಇಲ್ಲ. ಏನೂ ಬಂದಿಲ್ಲ."

"ಒಂದು ನಿಮಿಷ ಇರಿ."

ಸಿದ್ದಗಂಗಮ್ಮ ಸೆರಗು ಹೊದ್ದುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದರು. "ಬೆಳ್ಳುಳ್ಳಿ ಯಾಕೆ ತೆಗ್ದೆ?"

"ಅತ್ತೆ, ಈ ಡಬ್ಬಿ ಏನು?"

"ಅದಾ? ತೂಬಿಂದು. ಗೇಟು ಕೂರಿಸ್ದಾಗ ಅವರೇ ಬಂದು ಹೊಡೆದು ಹೋದ್ರು. ನೀನಿನ್ನೂ ಬಂದಿರ್ಲಿಲ್ಲ. ನಿಮ್ಮನೆ ಲೈನಲ್ಲೇ ಮಾತಾಡ್ತದೆ, ಕೆರೆ ತುಂಬೋವರ್ಗೂ ನಿದ್ದೆ ಮಾಡ್ತದೆ, ಮುಟ್ಬೇಡಿ ಅಂದ್ರು. ನಾನು ಮುಟ್ಟಿಲ್ಲ. ಚೀಲ ಹಾಕ್ತಿದ್ದೆ, ಅಷ್ಟೆಯ."

ಕೆಂಪು. ಟಿಕ್. ಕತ್ತಲು.

ದಾಕ್ಷಾಯಣಿ ಡಬ್ಬಿಯ ಹತ್ತಿರಕ್ಕೆ ಬಾಗಿದಳು. ಡಬ್ಬಿಯ ಕೆಳಗಂಚಿನಲ್ಲಿ, ಧೂಳಿನ ಅಡಿಯಲ್ಲಿ, ಕೂರಿಸಿದವರು ಮಾರ್ಕರಿನಿಂದ ಬರೆದಿದ್ದ ಅಂಕಿಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದಳು. ಐವತ್ತು. ಅವರಿಗೂ ದುಂಡನೆಯ ನಂಬರೇ ಬೇಕಾಗಿತ್ತು. ಕೈಯಿಂದ ಬರೆದ ನಂಬರಾದ್ದರಿಂದ ರೌಟರಿನ ಪಟ್ಟಿಯಲ್ಲಿ ಅದು ಇರಲಿಲ್ಲ. ನಿದ್ದೆಯಲ್ಲಿದ್ದುದರಿಂದ ಅದು ಓಗೊಟ್ಟಿರಲಿಲ್ಲ. ಅವಳು ಮೂರು ಸಲ ಕೂಗಿ ಖಾಲಿ ಎಂದುಕೊಂಡಿದ್ದ ಕೋಣೆಯಲ್ಲಿ ಒಬ್ಬರು ಮಲಗಿದ್ದರು. ಎಚ್ಚರವಾದಾಗ ತಮ್ಮ ಜಾಗದಲ್ಲಿ ಬೇರೊಬ್ಬರನ್ನು ಕಂಡು, ಜಗಳವಾಡದೆ ಹಿಂದೆ ಸರಿಯುತ್ತಿದ್ದರು. ಮತ್ತೆ ಮತ್ತೆ. ನೀರು ಏರುತ್ತಿತ್ತು.

ನಡುಮನೆಗೆ ಓಡಿದಳು. ಪರದೆಯ ಮೇಲೆ ನಾಲ್ಕನೆಯ ಗೆರೆ ಎದ್ದಿತ್ತು. ಸಣ್ಣಗೆ, ಜ್ವರ ಬಂದ ಮಗುವಿನ ತುಟಿಯಂತೆ ನಡುಗುತ್ತಿತ್ತು. ನಾಲ್ಕನೆಯ ಕಿವಿ ಹುಣಸೆಮರದ ನೇರಕ್ಕಿತ್ತು, ಬೀದಿಯ ನೆತ್ತಿಯ ಮೇಲೆ. ಒಳಗೆ ಕಣಗಳು ಜಾರತೊಡಗಿದ್ದವು. ಪೆಟ್ಟಿಗೆ ಕೇಂದ್ರಕ್ಕೆ ಸುದ್ದಿ ಮುಟ್ಟಿಸುವಷ್ಟು ನಡುಕ ಇನ್ನೂ ಆಗಿರಲಿಲ್ಲ.

ಅವಳು ನಿಂತಲ್ಲೇ ನಿಂತಳು. ಪೆಟ್ಟಿಗೆಯ ಕೇಬಲ್ ಕಿತ್ತರೆ ಐವತ್ತು ಬಿಡುಗಡೆಯಾಗುತ್ತದೆ, ಗೇಟು ತೆರೆಯುತ್ತದೆ. ಆದರೆ ಏರಿ ಮೊದಲ ಬಾರಿಗೆ ಮಾತಾಡುತ್ತಿರುವ ಈ ಹೊತ್ತಿನಲ್ಲೇ ಕೇಳುವವರು ಇಲ್ಲವಾಗುತ್ತಾರೆ. ಮೊದಲು ಪೆಟ್ಟಿಗೆಗೆ ಬೇರೆ ನಂಬರು ಕೊಟ್ಟು, ಕಿವಿಗಳಿಗೆಲ್ಲ ಅದನ್ನು ಕಲಿಸಿ, ಆಮೇಲೆ ಐವತ್ತನ್ನು ಬಿಡೋಣವೆಂದರೆ ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ನೀರು ಕಾಯುವುದಿಲ್ಲ. ಮೌನ ಕಾಲು ಗಂಟೆ ದಾಟಿದರೆ ಸೈರನ್ ಕೂಗುತ್ತದೆ. ಕೂಗಲಿ, ಜನ ಎದ್ದು ಓಡಲಿ ಎಂದುಕೊಂಡಳು. ಮರುಕ್ಷಣ ಅವರು ಓಡುವ ದಾರಿ ಕಣ್ಣ ಮುಂದೆ ಬಂತು. ಶಾಲೆಗೆ ಹೋಗಲು ಕಾಲುವೆಯ ಕಿರುಸೇತುವೆ ದಾಟಬೇಕು. ಬೆರಳಷ್ಟು ತೆರೆಯಬೇಕಿದ್ದ ಗೇಟು ಈಗ ಎದ್ದರೆ ಪೂರ್ತಿ ತೆರೆಯುತ್ತದೆ. ಆ ಕತ್ತಲಲ್ಲಿ, ಆ ನೀರಿನ ಮೇಲೆ, ಮಕ್ಕಳನ್ನು ಹೊತ್ತ ಹೆಂಗಸರು.

ಕೇಬಲ್ ಕಿತ್ತಳು.

ಹಸಿರು ದೀಪ ಆರಿತು. ಆರು ಗೆರೆಗಳೂ ಅಳಿಸಿಹೋದವು. ಅಡುಗೆಮನೆಗೆ ಬಂದು ಡಬ್ಬಿಯ ಮುಂದೆ ನಿಂತಳು. ಅದು ಮತ್ತೆ ಎದ್ದು ಬರುವವರೆಗೆ ಕಾಯುವುದೊಂದೇ ಉಳಿದಿತ್ತು. ಬೇಸರವಾಗಿ ಪ್ರಯತ್ನ ಬಿಟ್ಟಿದ್ದರೆ? ಯಂತ್ರಕ್ಕೆ ಬೇಸರವಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಕೆಂಪು ದೀಪ ಹತ್ತಿತು. ಟಿಕ್. ಇನ್ನೊಂದು ಟಿಕ್, ಆಮೇಲೆ ಇನ್ನೊಂದು. ದೀಪ ಆರಲಿಲ್ಲ. ಹಸಿರಾಯಿತು.

"ಬಂತು ಮೇಡಂ," ಫೋನಿನಲ್ಲಿ ಇಲಿಯಾಸನ ದನಿ. "ಗೇಟು ಒಪ್ಪಿಗೆ ಕೇಳ್ತಿದೆ. ಕೊಟ್ಟೆ. ಆದ್ರೆ ನಿಮ್ಮ ಕಿವಿಗಳು ಹೋದ್ವಲ್ಲ? ಏನಾಯ್ತು ಅಲ್ಲಿ?"

"ಸಿಡಿಲಿಗೆ ಏರಿ ಮೇಲಿನ ಕೇಬಲ್ ಸಡಿಲ ಆಗಿದೆ," ಎಂದಳು. ಮಾತು ತಾನಾಗಿಯೇ ಬಂತು. "ಸರಿ ಮಾಡ್ತೀನಿ. ಸ್ವಲ್ಪ ಹೊತ್ತು ಬೇಕು. ಸೈರನ್ ತಡೀರಿ."

"ತಡೀಬೇಕಾದ್ರೆ ಆಲಿಸೋರು ಖುದ್ದಾಗಿ ಏರಿ ಮೇಲೆ ಇರ್ಬೇಕು, ನಿಮಗೇ ಗೊತ್ತು. ಇದೀರಾ?"

ದಾಕ್ಷಾಯಣಿ ಹಿತ್ತಲ ಬಾಗಿಲಿನ ಚಿಲಕ ತೆಗೆದಳು. ಫೋನು ಹಿಡಿದ ಕೈಯನ್ನು ಮಳೆಗೆ ಚಾಚಿದಳು. ತಗಡಿನ ಮೇಲೆ, ಕಲ್ಲಿನ ಮೇಲೆ, ಅವಳ ಮಣಿಕಟ್ಟಿನ ಮೇಲೆ ಮಳೆ ಸುರಿಯಿತು.

"ಇದೀನಿ," ಎಂದಳು.

"ಸರಿ. ಹುಷಾರು."

ಬಾಗಿಲು ಮುಚ್ಚಲು ತಿರುಗಿದಾಗ ಸಿದ್ದಗಂಗಮ್ಮ ಗೂಟದಿಂದ ಕೊಡೆ ತೆಗೆದುಕೊಳ್ಳುತ್ತಿದ್ದರು. ಇನ್ನೊಂದು ಕೈಯಲ್ಲಿ ಟಾರ್ಚು.

"ಎಲ್ಲಿಗೆ ಅತ್ತೆ?"

"ಇದೀನಿ ಅಂದ್ಯಲ್ಲ. ಅಂದ ಮೇಲೆ ಯಾರಾದ್ರೂ ಒಬ್ರು ಅಲ್ಲಿ ಇರ್ಬೇಕಲ್ಲ."

"ನಿಮ್ಮ ಮಂಡಿ..."

"ಮಂಡಿ ನಂದು. ನೀನು ನಿನ್ನ ಕೆಲ್ಸ ನೋಡು. ಮಣ್ಣು ಒದ್ದೆ ಆಗಿ ಜಿನುಗಿದ್ರೆ ನಂಗೂ ಗೊತ್ತಾಗ್ತದೆ. ಜಿನುಗಿದ್ರೆ ಟಾರ್ಚು ಆಡಿಸ್ತೀನಿ, ಕಿಟಕೀಲಿ ನೋಡ್ತಿರು."

ಅವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇಳಿದು ಹೋದರು. ಆಗಲೇ ಕೇಳಿಸಿತು. ಏರಿಯ ಆಚೆ ತುದಿಯಿಂದ, ಗಂಟಲು ಕಟ್ಟಿದ್ದವನು ಒಮ್ಮೆಲೇ ಕೂಗಿದಂತೆ, ನೀರು ಕಾಲುವೆಗೆ ಬಿದ್ದ ಸದ್ದು.

ಮೇಜಿನ ಮುಂದೆ ಕೂತಳು. ಈ ಸಲ ನೂರ ಎಪ್ಪತ್ತಮೂರು ಎಂದು ಆರಿಸಿದಳು. ಯಾರ ಮನಸ್ಸಿಗೂ ಸುಲಭವಾಗಿ ಬಾರದ ನಂಬರು. ಅದಕ್ಕೊಂದು ಕೂಗು ಹಾಕಿದಳು. ಉತ್ತರ ಬರಲಿಲ್ಲ. ಆ ಮೌನವನ್ನು ನೋಡುತ್ತ ಅವಳ ಬೆರಳುಗಳು ಕೀಲಿಗಳ ಮೇಲೆ ನಿಂತುಬಿಟ್ಟವು. ಇಲ್ಲೂ ಯಾರಾದರೂ ಮಲಗಿದ್ದರೆ? ತಿಳಿಯುವ ದಾರಿಯಿರಲಿಲ್ಲ. ಆ ನಂಬರನ್ನು ಪೆಟ್ಟಿಗೆಗೆ ಬರೆದು ಕೇಬಲ್ ಮತ್ತೆ ಸಿಕ್ಕಿಸಿದಳು. ಮೊದಲನೆಯ ಕಿವಿಗೆ ಹೊಸ ನಂಬರು ಹೇಳಿದಳು. ಅದು ಯೋಚಿಸುವಂತೆ ಸುಮ್ಮನಿದ್ದು, ಕೊನೆಗೆ ಒಪ್ಪಿಕೊಂಡಿತು. ಎರಡನೆಯದನ್ನೂ ಮೂರನೆಯದನ್ನೂ ಬಿಟ್ಟು ನಾಲ್ಕನೆಯದಕ್ಕೆ ಹೋದಳು. ಅದು ಮೊದಲ ಸಲ ಒಪ್ಪಲಿಲ್ಲ. ಕಿಟಕಿಯಲ್ಲಿ, ಹುಣಸೆಮರದ ಮೇಲುಗಡೆ, ಟಾರ್ಚಿನ ಬೆಳಕು ಒಂದೇ ಕಡೆ ನಿಂತಿತ್ತು. ಅದು ಆಡಬಾರದು ಎಂದು ಅವಳು ಬೇಡಿಕೊಳ್ಳುತ್ತಿದ್ದುದು ಯಾರನ್ನೋ ಅವಳಿಗೇ ತಿಳಿಯದು. ಮತ್ತೆ ಹೇಳಿದಳು. ನಾಲ್ಕನೆಯ ಗೆರೆ ಪರದೆಯ ಮೇಲೆ ಮೂಡಿತು.

ನಡುಗುತ್ತಲೇ ಇತ್ತು. ಜೋರಾಗಿಯೇ ನಡುಗುತ್ತಿತ್ತು. ಅವಳು ಏರಿಯ ಮೇಲಿದ್ದಾಳೆಂದು ನಂಬಿ ಇಲಿಯಾಸ್ ಸೈರನ್ ತಡೆದೇ ಇದ್ದ. ಅವಳು ಅದನ್ನು ನೋಡುತ್ತಲೇ ಉಳಿದವುಗಳನ್ನು ಒಂದೊಂದಾಗಿ ಎಬ್ಬಿಸಿದಳು. ಹೊರಗೆ ಕಾಲುವೆ ಭೋರ್ಗರೆಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಗೆರೆಯ ನಡುಕ ಅಗಲವಾಯಿತು, ವಿರಳವಾಯಿತು, ಬಾಣಲೆಯ ಕೊನೆಯ ಸಾಸಿವೆಗಳಂತೆ ಅಲ್ಲೊಂದು ಇಲ್ಲೊಂದು ಸಿಡಿದು, ಮಲಗಿತು.

"ಕಿವಿಗಳು ಬಂದ್ವು ಮೇಡಂ," ಇಲಿಯಾಸ್ ಫೋನು ಮಾಡಿದ. "ನೀರೂ ಇಳೀತಿದೆ. ನಾಲ್ಕನೇದು ಸ್ವಲ್ಪ ಕೂಗಾಡ್ತು ಅನ್ಸತ್ತೆ?"

"ಕೂಗಾಡ್ತು. ಈಗ ಸುಮ್ಮನಾಗಿದೆ."

"ಹಾಗಿದ್ರೆ ಮೀಟಿಂಗಲ್ಲಿ ಧೈರ್ಯವಾಗಿ ಹೇಳ್ಬಹುದು. ಇಷ್ಟು ದಿನಕ್ಕೆ ಕಿವಿಗಳು ನಿಜ ಹೇಳಿದ್ವು. ಮನೆಗೆ ಹೋಗಿ ಬಟ್ಟೆ ಬದಲಾಯಿಸ್ಕೊಳ್ಳಿ, ಪೂರ್ತಿ ನೆಂದಿರ್ತೀರ."

ಅವಳ ಒಂದು ತೋಳು ಮಾತ್ರ ನೆಂದಿತ್ತು.

*

ಬೆಳಿಗ್ಗೆ ಬೀದಿ ಎಂದಿನಂತೆ ಎದ್ದಿತು. ಸೈರನ್ ಕೂಗದೆ ಇದ್ದುದೇ ಆ ದಿನದ ತಮಾಷೆ. "ದಾಕ್ಷಾಯಣಮ್ಮನ ಪೆಟ್ಟಿಗೆ ನಿನ್ನೆ ನಮ್ಮಂಗೇ ಮಲಗಿತ್ತೇನೋ," ಎಂದು ಹಾಲು ಹಾಕುವವನು ಎಲ್ಲರಿಗೂ ಕೇಳುವಂತೆ ಹೇಳಿಕೊಂಡು ಹೋದ. ಸಿದ್ದಗಂಗಮ್ಮ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಜಗಲಿಯ ಮೇಲೆ ಕೂತಿದ್ದರು.

ಬಿಸಿಲು ಬರುವ ಹೊತ್ತಿಗೆ ಜುಂಜಣ್ಣ ಬಂದ. ಪ್ರತಿವರ್ಷ ಈ ಕಾಲಕ್ಕೆ ಕುರಿ ಹೊಡೆದುಕೊಂಡು ಬಂದು ಕಾಲುವೆಯ ದಂಡೆಯಲ್ಲಿ ರೊಪ್ಪ ಹಾಕುತ್ತಿದ್ದವನು. ಮುಳ್ಳಿನ ಬೇಲಿಯ ಆ ರೊಪ್ಪವನ್ನೂ ಒಳಗೆ ತುಂಬಿದ್ದ ಕುರಿಗಳನ್ನೂ ದಾಕ್ಷಾಯಣಿ ದಿನಾ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದಳು. ರಾತ್ರಿ ಕಿರುಸೇತುವೆ ನೆನಪಾಗಿತ್ತು, ಮಕ್ಕಳು, ಹೆಂಗಸರು ನೆನಪಾಗಿದ್ದರು. ರೊಪ್ಪ ನೆನಪಾಗಿರಲಿಲ್ಲ. ಅವನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು.

"ಮರಿಗಳು ಹೋದ್ವು ಮೇಡಮ್ಮೋರೆ," ಎಂದ. "ದೊಡ್ಡವು ಹೆಂಗೋ ದಿಬ್ಬ ಹತ್ಕಂಡ್ವು. ಮರಿಗಳ್ನ ಬುಟ್ಟಿ ಬೋರಲು ಹಾಕಿ ಮುಚ್ಚಿದ್ದೆ. ಬುಟ್ಟಿ ಸಮೇತ ಹೋದ್ವು."

ಸಿದ್ದಗಂಗಮ್ಮನ ಕೈ ಮಂಡಿಯ ಮೇಲೆ ನಿಂತಿತು.

"ಬೈಯಕ್ಕೆ ಬಂದಿಲ್ಲ ನಾನು. ಒಂದು ಮಾತು ಕೇಳಾನ ಅಂತ ಬಂದೆ. ಗೇಟು ಯಾವಾಗ್ಲೂ ಮೊದ್ಲು ಸಣ್ಣಗೆ ಬಿಡ್ತೈತೆ. ಕಾಲುವೇಲಿ ನೀರು ಗುಸುಗುಸು ಅಂತೈತೆ. ಆ ಸದ್ದಿಗೆ ಎದ್ದು ನಾವು ರೊಪ್ಪ ಮೇಲಕ್ಕೆ ಸಾಗಿಸ್ಕಂತೀವಿ. ನಮ್ಮಪ್ಪನ ಕಾಲದಿಂದ ಹಂಗೇಯ. ನಿನ್ನೆ ಆ ಸಣ್ಣ ಸದ್ದು ನಂಗೆ ಕೇಳಿಸ್ಲೇ ಇಲ್ಲ. ಕಣ್ಣು ಬಿಟ್ರೆ ನೀರು ಎದೆ ಮೇಲೈತೆ." ಅವನು ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಿಮ್ ಪೆಟ್ಟಿಗೆ ಎಲ್ಲಾ ಸದ್ದೂ ಕೇಳ್ತೈತಂತಲ್ಲ. ಆ ಸಣ್ಣ ಸದ್ದು ಎಷ್ಟೊತ್ತಿಗೆ ಬಂತು ಅಂತ ನೋಡಿ ಹೇಳ್ತೀರಾ? ನಂಗೆ ಕಿವಿ ಹೋಗೈತೇನೋ ಅಂತ. ಹೋಗಿದ್ರೆ ಇನ್ನು ರಾತ್ರಿ ರೊಪ್ಪ ಕಾಯೋದು ತರವಲ್ಲ. ಕುರಿ ಕೊಟ್ಬಿಡ್ತೀನಿ ಯಾರಿಗಾದ್ರೂ."

ಸಣ್ಣ ಸದ್ದು ಬಂದೇ ಇರಲಿಲ್ಲ. ನಿಮ್ಮ ಕಿವಿಗೆ ಏನೂ ಆಗಿಲ್ಲ ಜುಂಜಣ್ಣ, ಆ ಸದ್ದನ್ನು ನಾನು ತಡೆದು ಹಿಡಿದಿದ್ದೆ. ಇಷ್ಟು ಹೇಳಿದರೆ ಸಾಕಿತ್ತು. ಹೇಳಿದರೆ ಮಧ್ಯಾಹ್ನದೊಳಗೆ ಊರಿಗೆ ಗೊತ್ತಾಗುತ್ತದೆ, ಸಂಜೆಯೊಳಗೆ ಕೇಂದ್ರಕ್ಕೆ. ಮುಂದಿನ ವಾರ ಕಿವಿಗಳು ಗೋಡೌನಿನಲ್ಲಿರುತ್ತವೆ. ಏರಿಯ ಒಳಗೆ, ಹುಣಸೆಮರದ ನೇರಕ್ಕೆ, ಜಾರಿದ ಕಣಗಳು ಹಾಗೆಯೇ ಕೂತಿವೆ, ಮುಂದಿನ ಮಳೆಗೆ ಕಾಯುತ್ತ.

"ಮಳೆ ಜೋರಿತ್ತಲ್ಲ," ಎಂದಳು. "ಅದರಲ್ಲಿ ನಮ್ಮ ಪೆಟ್ಟಿಗೆಗೂ ಸರಿಯಾಗಿ ಗೊತ್ತಾಗ್ಲಿಲ್ಲ."

ಅವನು ತಲೆಯಾಡಿಸಿದ. ನಂಬಿದನೋ, ಸಮಾಧಾನದ ಮಾತೆಂದುಕೊಂಡನೋ ಹೇಳುವಂತಿರಲಿಲ್ಲ. "ಒಂದು ಉಪಕಾರ ಮಾಡಿ. ನನ್ನ ಫೋನ್ ನಂಬರು ಬರ್ಕಳಿ. ಇನ್ನು ಮೇಲೆ ಗೇಟು ತೆಗೆಯೋ ಮುಂಚೆ ಒಂದು ರಿಂಗು ಕೊಡಿ. ಕಾಲುವೆ ದಂಡೇಲಿ ನಾನೂ ಒಬ್ಬ ಇದೀನಿ ಅಂತ ಆ ಪೆಟ್ಟಿಗೆಗೂ ಗೊತ್ತಿರ್ಲಿ."

ಅವನು ಒಂದೊಂದಾಗಿ ಅಂಕಿಗಳನ್ನು ಹೇಳಿದ, ಅವಳು ಫೋನಿನಲ್ಲಿ ಒತ್ತಿಕೊಂಡಳು. ಟವೆಲ್ ತಲೆಗೆ ಸುತ್ತಿಕೊಂಡು ಅವನು ಗಾಡಿಜಾಡಿನಲ್ಲಿ ನಡೆದುಹೋದ.

ಅತ್ತೆ ಅವನ ಬೆನ್ನು ಮರೆಯಾಗುವವರೆಗೆ ನೋಡಿದರು. "ಯಾಕೆ ಏನು ಅಂತ ನಾನು ಕೇಳಲ್ಲ ದಾಕ್ಷಾ," ಎಂದರು. "ಹೇಳೋದಾದ್ರೆ ಈಗ್ಲೇ ಕೂಗಿ ಕರೆದು ಹೇಳು. ಇಲ್ದಿದ್ರೆ ಯಾವತ್ತೂ ಹೇಳ್ಬೇಡ. ನಿನ್ನ ಮನಸ್ಸು ಹಗುರ ಮಾಡ್ಕಳಕ್ಕೆ ಅಂತ ಮಧ್ಯದಲ್ಲಿ ಯಾವತ್ತೋ ಒಂದಿನ ಹೇಳ್ಬೇಡ."

ದಾಕ್ಷಾಯಣಿ ಫೋನು ತೆಗೆದು ಆ ನಂಬರಿಗೆ ಕರೆ ಮಾಡಿದಳು. ಹುಣಸೆಮರದಾಚೆ ಎಲ್ಲೋ ರಿಂಗಾಯಿತು. ಮೊದಲನೆಯ ರಿಂಗಿಗೇ ಎತ್ತಿದ.

"ಯಾರು?"

ಅವಳು ಬಾಯಿ ತೆರೆದಳು.

"ಯಾರು?" ಎಂದು ಮತ್ತೆ ಕೇಳಿದ.

"ನಾನು, ದಾಕ್ಷಾಯಣಿ. ನಂಬರು ಸರಿಯಾಗಿದೆಯಾ ಅಂತ ನೋಡ್ದೆ. ಕೂಡ್ಲೇ ಕೇಳಿಸ್ತಲ್ಲ ಜುಂಜಣ್ಣ, ನಿಮ್ಮ ಕಿವಿ ಚೆನ್ನಾಗೇ ಇದೆ."

ಅವನು ನಕ್ಕ ಹಾಗಾಯಿತು. "ಕೇಳಿಸ್ಲಿಲ್ಲ ಮೇಡಮ್ಮೋರೆ. ಜೇಬಲ್ಲಿ ನಡುಗ್ತಲ್ಲ, ಅದಕ್ಕೆ ಎತ್ತಿದ್ದು."

ಅವಳು ಫೋನು ಕಿವಿಗೆ ಹಿಡಿದುಕೊಂಡೇ ನಿಂತಳು. ಆ ಕಡೆ ಕುರಿಗಳ ಸದ್ದು, ಕಾಲುವೆಯ ಸದ್ದು. ಸ್ವಲ್ಪ ಹೊತ್ತು ಕಾದ ಅವನು, ಈ ಕಡೆ ಯಾರೂ ಇಲ್ಲವೆಂದುಕೊಂಡು ಕರೆ ಕತ್ತರಿಸಿದ.

ಒಳಗೆ ಹೋಗಿ ಬೆಳ್ಳುಳ್ಳಿಯ ಚೀಲವನ್ನು ಬೇರೊಂದು ಮೊಳೆಗೆ ನೇತುಹಾಕಿದಳು. ಡಬ್ಬಿಯ ದೀಪ ಹಸಿರಾಗಿತ್ತು. ಅದರ ಕೆಳಗಂಚಿನ ಐವತ್ತನ್ನು ಒದ್ದೆ ಬಟ್ಟೆಯಿಂದ ಧೂಳು ತೆಗೆದು ಎಲ್ಲರಿಗೂ ಕಾಣುವಂತೆ ಮಾಡಿದಳು. ಗಂಡ ಹಾಲ್ಟು ಮುಗಿಸಿ ಬಂದರೂ, ಇಲಿಯಾಸ್ ಕೇಳಿದರೂ, ಮುಂದಿನ ವರ್ಷ ಕಾಲುವೆಯ ದಂಡೆಯಲ್ಲಿ ರೊಪ್ಪ ಕಾಣದಿದ್ದರೂ, ಆ ರಾತ್ರಿ ಏನಾಯಿತೆಂದು ಯಾರಿಗೂ ಹೇಳುವುದಿಲ್ಲವೆಂದು ಆಗಲೇ ನಿರ್ಧರಿಸಿದ್ದಳು.